ಕೆಳಗೆ ನೀರಿದೆ ಎಂಬ ಧೈರ್ಯ

ಸೀಪ್ಲೇನ್‌ನ ಎಂಜಿನ್ ಕೈಕೊಟ್ಟರೇನಂತೆ, ಕೆಳಗೆ ನೀರಿದೆಯಲ್ಲ, ಇಳಿದರಾಯಿತು ಎಂಬ ಮಾತು ಕೆನಡಾ, ಅಲಾಸ್ಕಾಗಳ ಪ್ರವಾಸಕಥನಗಳಲ್ಲಿ ಧಾರಾಳವಾಗಿ ಸಿಗುತ್ತದೆ.

ಅದರಲ್ಲಿ ನಿಜವಿರುವಷ್ಟನ್ನು ಒಪ್ಪಿಬಿಡೋಣ. 1947ರಿಂದ ಹಾರುತ್ತಿರುವ ಡಿ ಹ್ಯಾವಿಲೆಂಡ್ ಬೀವರ್ ವಿಮಾನ ನೀರಿನಿಂದ ಏರುವಾಗ ಮೊದಲು ಮೂತಿ ಎತ್ತಿ ನೀರನ್ನು ಸೀಳುತ್ತಾ ಹೋಗುತ್ತದೆ. ವೇಗ ಬಂದಂತೆ ಅಡಿಯಲ್ಲಿರುವ ದೋಣಿಯಂಥ ಫ್ಲೋಟ್‌ಗಳು ಮೇಲೆದ್ದು ನೀರಿನ ಮೇಲೆ ಜಾರತೊಡಗುತ್ತವೆ. ಆಗ 450 ಅಶ್ವಶಕ್ತಿಯ ಎಂಜಿನ್ ಕೆಮ್ಮಿ ನಿಂತರೆ ನೀರೇ ಬ್ರೇಕು. ಎದುರಿಗೆ ದಡವೋ ದೋಣಿಯೋ ಇಲ್ಲದಿದ್ದರೆ ಸಾಕು.

ನೂರಿನ್ನೂರು ಅಡಿ ಮೇಲೆ ಎಂಜಿನ್ ನಿಂತರೆ ಲೆಕ್ಕವೇ ಬೇರೆ. ಮೂತಿ ಮೇಲಿದೆ, ವೇಗ ಕಡಿಮೆ, ಹೊಟ್ಟೆಯಡಿಯ ಫ್ಲೋಟ್‌ಗಳು ಗಾಳಿಗೆ ಅಡ್ಡ. ತಕ್ಷಣ ಮೂತಿ ತಗ್ಗಿಸದಿದ್ದರೆ ವಿಮಾನ ಕಲ್ಲಿನಂತೆ ಬೀಳುತ್ತದೆ. ವಾಪಸು ತಿರುಗಿಸಹೋದರೆ ಇನ್ನೂ ಬೇಗ. ಸಣ್ಣ ಸರೋವರವಾದರೆ ಅಷ್ಟು ಹೊತ್ತಿಗೆ ಕೆಳಗಿರುವುದು ದಡದ ಮರಗಳು.

ಗಾಳಿಯಿಲ್ಲದೆ ಅಲುಗದ ನೀರು ನೋಡಲು ಚೆಂದ, ಆದರೆ ಪೈಲಟ್‌ಗೆ ತಾನೆಷ್ಟು ಎತ್ತರದಲ್ಲಿದ್ದೇನೆಂದೇ ಕಾಣದು. ಅಂಥಲ್ಲಿ ಸ್ವಲ್ಪ ಪವರ್ ಉಳಿಸಿಕೊಂಡು, ಮೂತಿ ತುಸು ಎತ್ತಿ, ಫ್ಲೋಟ್ ತಾನಾಗಿ ತಾಗುವವರೆಗೆ ಮೆಲ್ಲನೆ ಇಳಿಯಿರಿ ಎಂದೇ ಕಲಿಸುತ್ತಾರೆ. ಅಂದರೆ ನೀರಿಗಿಳಿಯಲೂ ಎಂಜಿನ್ ಬೇಕು!

ಅವಘಡವಾದರೆ ಚರ್ಚೆಯೆಲ್ಲ ಎಂಜಿನ್ ಸುತ್ತಲೇ. ಇಂಧನಕ್ಕೆ ನೀರು ಸೇರಿತ್ತೆ? ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟಿತ್ತೆ? ಕೇಳಬೇಕಾದ್ದೇ, ಆದರೆ ಎಷ್ಟೋ ಸಲ ಜೀವ ಹೋಗುವುದು ಆಮೇಲೆ. ಫ್ಲೋಟ್‌ನ ಮೂತಿ ನೀರಿಗೆ ನೆಟ್ಟುಕೊಂಡರೆ ವಿಮಾನ ಮಗುಚುತ್ತದೆ. ಫ್ಲೋಟ್‌ಗಳು ಮೇಲೆ ತೇಲುತ್ತವೆ, ಜನ ಕೆಳಗೆ, ತಣ್ಣೀರಿನಲ್ಲಿ, ತಲೆಕೆಳಗಾಗಿ ಬೆಲ್ಟಿಗೆ ಜೋತುಬಿದ್ದಿರುತ್ತಾರೆ. ಬಾಗಿಲ ಹಿಡಿ ಎಡಕ್ಕಿತ್ತೋ ಬಲಕ್ಕೋ ಹೊಳೆಯದು. ಗಾಬರಿಯಲ್ಲಿ ಒಳಗೇ ಲೈಫ್ ಜಾಕೆಟ್ ಉಬ್ಬಿಸಿಕೊಂಡವರನ್ನು ಅದೇ ಜಾಕೆಟ್ಟು ವಿಮಾನದ ನೆಲಕ್ಕೆ, ಅಂದರೆ ಈಗ ತಲೆಯ ಮೇಲಿರುವ ನೆಲಕ್ಕೆ, ಒತ್ತಿ ಹಿಡಿಯುತ್ತದೆ.

2009ರ ನವೆಂಬರ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದ ಲಯಲ್ ಹಾರ್ಬರ್‌ನಿಂದ ಎದ್ದ ಬೀವರ್ ನೀರಿಗೆ ಬಿತ್ತು. ಅಲ್ಲಿ ಎಂಜಿನ್ ನಿಂತಿರಲಿಲ್ಲ, ವಿಮಾನ ಸ್ಟಾಲ್ ಆಗಿತ್ತು, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡಿದ್ದವು. ಬಿದ್ದ ಮೇಲಿನ ಪಾಡು ಮಾತ್ರ ಒಂದೇ. 8 ಜನರಲ್ಲಿ 6 ಮಂದಿ ಮುಳುಗಿ ಸತ್ತರು. ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ 2011ರಲ್ಲಿ ಎರಡನ್ನು ಕೇಳಿತು: ಥಟ್ಟನೆ ತೆರೆಯುವ ಬಾಗಿಲು-ಕಿಟಕಿ ಮತ್ತು ಪ್ರಯಾಣಿಕರ ಮೈಮೇಲೇ ಇರುವ ಲೈಫ್ ಜಾಕೆಟ್. ಜಾಕೆಟ್ ಮತ್ತು ನೀರೊಳಗಿಂದ ಪಾರಾಗುವ ಪೈಲಟ್ ತರಬೇತಿಗೆ 2019ರಲ್ಲಿ ನಿಯಮ ಬಂತು. ಬಾಗಿಲಿನ ತಂಟೆಗೆ ಅದು ಹೋಗಲೇ ಇಲ್ಲ.