ಕವಂದಿಯಲ್ಲಿ ಯಾರ ಸೀರೆ?

ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಅವರ ಮಾತಿನಲ್ಲಿ ಕವಂದಿ ಎಂದು ಹೆಸರು. ಮನೆಯವರು ಹೊದೆಯಲೆಂದು, ಕೂಸನ್ನು ಮಲಗಿಸಲೆಂದು ಹುಟ್ಟಿದ ಈ ಹೊಲಿಗೆ ಇಂದು ಗ್ಯಾಲರಿಯ ಗೋಡೆ ಏರಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಹೆಂಗಸರ ಜೊತೆ ಕೆಲಸ ಮಾಡಿದ್ದರ ಫಲವಾಗಿ 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವೇ ನಡೆಯಿತು. ಬೆಲೆ ಬಂತು, ಹೆಸರು ಬಂತು. ಅದು ಬರಲೇಬೇಕಿತ್ತು. ಆದರೆ ಕವಂದಿಯನ್ನು ನೋಡುವ ಕಣ್ಣು ಇನ್ನೂ ಸರಿಯಾಗಿ ತೆರೆದಿಲ್ಲ ಎಂಬುದು ನನ್ನ ತಕರಾರು.

ಮೊದಲು ಕೆಲಸದ ಬಗೆ. ಕೆಳಗೆ ಹಳೆಯ ಸೀರೆ ಹಾಸಿ, ಅಂಚಿನಿಂದ ತುಂಡುಗಳನ್ನು ಕೂರಿಸುತ್ತ ಹೋಗುತ್ತಾರೆ. ತುಂಡಿನ ಬಾಯಿ ಒಳಕ್ಕೆ ಮಡಚಿ, ದಪ್ಪ ದಾರದಲ್ಲಿ ಓಡುಹೊಲಿಗೆ ಹಾಕುತ್ತ, ನಾಲ್ಕೂ ಬದಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಸೀಸದಕಡ್ಡಿಯ ಗೀಟಿಲ್ಲ, ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಮೇಲ್ಮೈಯನ್ನು ಮೊದಲೇ ಜೋಡಿಸಿಕೊಂಡು ಆಮೇಲೆ ಪದರ ಸೇರಿಸುವ ಬೇರೆ ಕಡೆಯ ಪದ್ಧತಿಗೂ ಇದಕ್ಕೂ ಇಲ್ಲೇ ದೊಡ್ಡ ವ್ಯತ್ಯಾಸ: ಇಲ್ಲಿ ವಿನ್ಯಾಸವೂ ಹೊಲಿಗೆಯೂ ಒಂದೇ ಗಳಿಗೆಯಲ್ಲಿ ಆಗುತ್ತವೆ. ಈ ಬಣ್ಣದ ಪಕ್ಕ ಯಾವುದು ಎಂಬ ತೀರ್ಮಾನವನ್ನು ಸೂಜಿ ಹಿಡಿದ ಕೈಯೇ ಮಾಡಬೇಕು, ಮಾಡಿದ್ದನ್ನು ಬಿಚ್ಚುವುದು ಸುಲಭವಲ್ಲ. ಹೀಗಾಗಿ ನಡುಭಾಗವೇ ಕೊನೆಯ ಇಕ್ಕಟ್ಟು. ಉಳಿದ ಜಾಗಕ್ಕೆ ಉಳಿದ ಬಟ್ಟೆ ಹೊಂದಬೇಕು. ಒಳ್ಳೆಯ ಕವಂದಿಯನ್ನು ಗುರುತಿಸಲು ನಾನು ನೋಡುವುದೇ ಅಲ್ಲಿ. ಅಂಚಿನಲ್ಲಿ ಸಣ್ಣ ತುಂಡುಗಳ ಗಲಾಟೆ ಇದ್ದು, ನಡುವೆ ಒಂದು ಸೀರೆಯ ದೊಡ್ಡ ಹರವನ್ನು ತುಂಡರಿಸದೆ ಬಿಡುವ ಧೈರ್ಯ ತೋರಿದವು ಮನಸ್ಸಿನಲ್ಲಿ ನಿಲ್ಲುತ್ತವೆ. ಎಲ್ಲೆಡೆ ಒಂದೇ ಅಳತೆಯ ಬಣ್ಣ ಚೆಲ್ಲಿದವು ಕಣ್ಣಿಗೆ ಹಬ್ಬವಾದರೂ ಬೇಗ ದಣಿಸುತ್ತವೆ.

ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನದ ‘ಫುಲ’ ಕೂರುತ್ತದೆ. ಅದಿಲ್ಲದ ಕವಂದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ. ಆ ಹೂವಿನಿಂದ ಹೊದಿಕೆ ಬೆಚ್ಚಗಾಗುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ. ಬಡತನದಿಂದ ಹುಟ್ಟಿದ ಕಲೆ ಎಂದು ಕವಂದಿಯ ಬೆನ್ನು ತಟ್ಟುವವರು ಈ ನಾಲ್ಕು ಮೂಲೆಗಳನ್ನು ನೋಡಬೇಕು.

ಈಗ ತಕರಾರಿಗೆ ಬರುತ್ತೇನೆ. ಹೊರಗಿನ ಬರಹಗಳು ಕವಂದಿಯಲ್ಲಿ ಮೊದಲು ಹುಡುಕುವುದು ಆಫ್ರಿಕವನ್ನು. ಸಿದ್ದಿಗಳ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಆ ನೋವಿನ ಚರಿತ್ರೆಯನ್ನು ಸಿದ್ದಿಗಳೇ ಹೆಮ್ಮೆಯಿಂದ ತಮ್ಮದೆನ್ನುತ್ತಾರೆ, ಅದರಲ್ಲಿ ಕೈಯಾಡಿಸಲು ನಾವು ಯಾರೂ ಅಲ್ಲ. ಆದರೆ ಒಂದೊಂದು ಗಾಢ ಕೆಂಪಿಗೂ ಹಳದಿಗೂ ಆ ಖಂಡದ ಸಾಕ್ಷಿ ಹೇಳಿಸುವುದು ಬೇರೆಯೇ ಮಾತು. ಹಳೆಯ ಸೀರೆ, ಓಡುಹೊಲಿಗೆ, ಪದರದ ಮೇಲೆ ಪದರ — ಇವು ಧಾರವಾಡ, ಬೆಳಗಾವಿ ಕಡೆಯ ಕೌದಿಯಲ್ಲೂ ಮರಾಠಿ ಹೆಂಗಸರ ಗೋಧಡಿಯಲ್ಲೂ ಇವೆ. ಕ್ರೈಸ್ತ ಸಿದ್ದಿಯ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯ ಕವಂದಿಯಲ್ಲಿ ಅರ್ಧಚಂದ್ರ ಕಾಣುವುದುಂಟು. ಅಂದರೆ ಈ ಹೊಲಿಗೆ ಈ ನೆಲದ ನೆರೆಹೊರೆಯೊಂದಿಗೆ ಕೊಟ್ಟುಕೊಂಡು ಬೆಳೆದದ್ದು. ಅದನ್ನು ಕಳಚಿ ದೂರದ ಬೇರಿಗೆ ಮಾತ್ರ ಕಟ್ಟಿದರೆ ಹೊಲಿದವಳ ಆಯ್ಕೆಗಳೇ ಮರೆಯಾಗುತ್ತವೆ.

ಕವಂದಿಯಲ್ಲಿ ಕೈಗೆ ಸಿಗುವ ವಂಶಾವಳಿ ಬಟ್ಟೆಯದು. ಅತ್ತೆಯ ಸೀರೆ, ಗಂಡನ ಅಂಗಿ, ಮಗಳಿಗೆ ಗಿಡ್ಡವಾದ ಲಂಗ. ಹೊಲಿಯುವವಳು ಒಬ್ಬಳೇ ಆದರೂ ಉಟ್ಟು ಸವೆಸಿದವರೆಲ್ಲ ಅದರಲ್ಲಿ ಪಾಲುದಾರರು. ಅಮೆರಿಕದ ಅಲಬಾಮ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳನ್ನು ಜಗತ್ತು ಮೆಚ್ಚಿದ್ದು 2002ರ ಹ್ಯೂಸ್ಟನ್ ಪ್ರದರ್ಶನದ ನಂತರ. ಅವುಗಳಲ್ಲಿ ಮಿಸೌರಿ ಪೆಟ್‌ವೇ 1942ರಲ್ಲಿ, ತೀರಿಕೊಂಡ ಗಂಡ ಹೊಲಕ್ಕೆ ಹಾಕುತ್ತಿದ್ದ ಬಟ್ಟೆಗಳಿಂದ ಹೊಲಿದದ್ದೊಂದಿದೆ. ಯಾರು ಹೊಲಿದರು, ಯಾರ ಬಟ್ಟೆ, ಯಾಕೆ ಹೊಲಿದರು ಎಂಬುದೆಲ್ಲ ದಾಖಲಾಗಿರುವುದರಿಂದ ಮಾಸಿದ ಆ ನೀಲಿಯನ್ನು ನಾವು ಬೇರೆಯಾಗಿಯೇ ನೋಡುತ್ತೇವೆ. ಕವಂದಿಗೆ ಸಿಗಬೇಕಾದದ್ದು ಅಂಥ ಓದು. ಬರೀ ಬಣ್ಣದ ಹೋಲಿಕೆ ಹಿಡಿದು ಎರಡನ್ನೂ ಒಂದೇ ಸಾಲಿನಲ್ಲಿ ತೂಗುಹಾಕಿದರೆ ಸಾಲದು.

ಇನ್ನೊಂದು ಸಂಗತಿ. ಇಂದು ವಿದೇಶದ ಹವ್ಯಾಸಿಗಳು ಅಂಗಡಿಯಿಂದ ಹೊಸ ಹತ್ತಿಬಟ್ಟೆ ತಂದು ಕತ್ತರಿಸಿ ‘ಕವಂದಿ’ ಹೊಲಿಯುತ್ತಾರೆ. ಮಾರಾಟಕ್ಕೆ ಹೊಲಿಯುವಾಗ ಸಿದ್ದಿ ಹೆಂಗಸರಿಗೂ ಮನೆಯ ಹಳೆಯ ಬಟ್ಟೆ ಎಷ್ಟೆಂದು ಸಾಕಾದೀತು? ದುಡಿಮೆಗೆ ನ್ಯಾಯವಾದ ಹಣ ಸಿಗುವುದಾದರೆ ಹೊಸ ಬಟ್ಟೆಯಲ್ಲಿ ಹೊಲಿಯಲಿ, ಅದಕ್ಕೆ ಮೂಗು ಮುರಿಯುವ ಹಕ್ಕು ಹೊದ್ದು ಮಲಗದ ನಮಗಿಲ್ಲ. ಆದರೆ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ವಿಮರ್ಶೆಯ ಸೋಮಾರಿತನ. ಹೊಸ ಬಟ್ಟೆಯದು ಕೈಚಳಕದ, ಬಣ್ಣದ ಆಯ್ಕೆಯ ಕೃತಿ. ಸವೆದ ಬಟ್ಟೆಯದು ಅದರ ಜೊತೆಗೆ ಒಂದು ಮನೆಯ ದಾಖಲೆ.

ಪ್ರದರ್ಶನ ಏರ್ಪಡಿಸುವವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಹೊಲಿದವಳ ಹೆಸರಿನ ಕೆಳಗೆ, ಅವಳು ಹೇಳಲು ಒಪ್ಪಿದರೆ, ಯಾರ ಸೀರೆ, ಯಾರ ಅಂಗಿ ಎಂದು ಬರೆಯಲಿ. ಕವಂದಿಯನ್ನು ಗೋಡೆಗೆ ಅಂಟಿಸದೆ ಕೋಣೆಯ ನಡುವೆ ತೂಗುಹಾಕಲಿ. ಚಿತ್ರಪಟದಂತೆ ಮುಂಬದಿಯೊಂದನ್ನೇ ತೋರಿಸಿದಾಗ ತುಂಡುಗಳ ಬಣ್ಣ ಹೊಲಿಗೆಯನ್ನು ನುಂಗಿಬಿಡುತ್ತದೆ. ಹಿಂಬದಿಯ ಸೀರೆಯ ಮೇಲಾದರೋ ಹೊಲಿಗೆ ಸ್ಪಷ್ಟ: ಆಕೆ ಯಾವ ಮೂಲೆಯಿಂದ ಹೊರಟಳು, ಎಲ್ಲಿ ತಿರುಗಿದಳು, ದಾರ ಎಲ್ಲಿ ಬದಲಾಯಿತು, ಸಾಲುಗಳು ಎಲ್ಲಿ ಒತ್ತಾದವು, ಎಲ್ಲವನ್ನೂ ನೋಡುವವರು ತಾವೇ ಸುತ್ತು ಹೊಡೆದು ಕಂಡುಕೊಳ್ಳಬಹುದು.