ಗೋಡೆ ಮುಚ್ಚುವ ಮೊದಲು

ಮನೆ ಕಟ್ಟಿಸಲು ಹೊರಟವರಿಗೆ ನೆಂಟರು, ನೆರೆಯವರು, ಅಂಗಡಿಯವರು ಎಲ್ಲರೂ ಹೇಳುವ ಮಾತೊಂದಿದೆ: ‘ಪೈಪ್ ವಿಷಯದಲ್ಲಿ ಜಿಪುಣತನ ಬೇಡ, ಒಳ್ಳೇ ಕಂಪನಿಯದೇ ಹಾಕಿಸಿ.’ ನಾನೂ ಹಾಗೇ ಮಾಡಿದೆ. ಬೆಂಗಳೂರಿನ ನಮ್ಮ ಮನೆಯ ಬಚ್ಚಲಿಗೆ ಅಂಗಡಿಯಲ್ಲಿದ್ದ ಅತಿ ದುಬಾರಿ ಸಿಪಿವಿಸಿ ಪೈಪ್ ತಂದುಕೊಟ್ಟು ನಿಶ್ಚಿಂತನಾದೆ. ಮೂರನೇ ವರ್ಷ ಬಚ್ಚಲಿಗೆ ಅಂಟಿದ ಕೋಣೆಯ ಗೋಡೆ ಉಬ್ಬಿ ಬಣ್ಣ ಉದುರತೊಡಗಿತು. ಮಳೆಗಾಲ ಮುಗಿದರೂ ತೇವ ಆರಲಿಲ್ಲ. ಟೈಲ್ಸ್ ಒಡೆಸಿ ನೋಡಿದರೆ ಪೈಪಿನ ಮೇಲೆ ಒಂದು ಗೀರೂ ಇರಲಿಲ್ಲ. ನಲ್ಲಿ ಕೂರಿಸುವ ಹಿತ್ತಾಳೆ ಥ್ರೆಡ್ಡಿನ ಎಲ್ಬೋ ಕೂದಲೆಳೆಯಷ್ಟು ಸೀಳಿತ್ತು.

ಅಂದಿನಿಂದ ಆ ಸಲಹೆಯ ಮೇಲೆ ನನಗೆ ನಂಬಿಕೆ ಹೋಗಿದೆ. ಅದು ನಮ್ಮ ಗಮನವನ್ನೆಲ್ಲ ಪೈಪಿನ ಮೇಲೆ ನಿಲ್ಲಿಸಿ, ನೀರು ನಿಜವಾಗಿ ಸೋರುವ ಜಾಗವನ್ನು ಮರೆಸುತ್ತದೆ.

ಲೆಕ್ಕ ಹಾಕಿ ನೋಡಿ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ನಲ್ಲಿಯ ಬಳಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಎರಡಂತಸ್ತಿನ ಮನೆಯಲ್ಲಿ ಸಾಮಾನ್ಯವಾಗಿ ಅಷ್ಟೂ ಇರುವುದಿಲ್ಲ. ಎಸ್‌ಡಿಆರ್ 11 ದರ್ಜೆಯ ಸಿಪಿವಿಸಿ ಪೈಪ್ ತಣ್ಣೀರಿನಲ್ಲಿ ಸುಮಾರು 28 ಕೆ.ಜಿ., 82 ಡಿಗ್ರಿ ಬಿಸಿಯಲ್ಲೂ 7 ಕೆ.ಜಿ. ಒತ್ತಡ ತಡೆಯುತ್ತದೆ. ಐಎಸ್ 15778 ಎಂಬ ಐಎಸ್‌ಐ ಗುರುತಿದ್ದರೆ ಸಾಕು, ನಮ್ಮ ಬಚ್ಚಲಿಗೆ ಬೇಕಾದ ಶಕ್ತಿ ಅದರಲ್ಲಿ ಧಾರಾಳವಾಗಿದೆ. ಗುರುತಿಲ್ಲದ ಪೈಪನ್ನು ಯಾರೂ ಮುಟ್ಟಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುರುತಿರುವ ಎರಡು ಪೈಪುಗಳ ನಡುವೆ ಹೆಸರಿಗಾಗಿ ತೆರುವ ಹೆಚ್ಚಿನ ಹಣ ಸೋರಿಕೆಯನ್ನು ತಡೆಯುವುದಿಲ್ಲ.

‘ಹಳೇ ಜಿಐ ಪೈಪೇ ಗಟ್ಟಿ ಇತ್ತು’ ಎನ್ನುವ ಹಿರಿಯರಿಗೂ ಇದೇ ಉತ್ತರ. ಜಿಐ ಕೊಳವೆಯನ್ನು ಕಾಯುವುದು ಅದರ ಮೇಲಿನ ಸತುವಿನ ಲೇಪ. ಸ್ಥಳದಲ್ಲೇ ಥ್ರೆಡ್ ಹೊಡೆದಾಗ ಆ ಲೇಪ ಕೆತ್ತಿಹೋಗಿ ಬರಿಯ ಕಬ್ಬಿಣ ಹೊರಬೀಳುತ್ತದೆ. ತುಕ್ಕು ಮೊದಲು ಹಿಡಿಯುವುದು ಅಲ್ಲೇ, ಅಂದರೆ ಜಾಯಿಂಟಿನಲ್ಲೇ.

ನಮ್ಮ ಎಲ್ಬೋ ಸೀಳಿದ್ದೇಕೆ? ಜಿಐ ಕಾಲದ ಕೈಯಭ್ಯಾಸ ಇನ್ನೂ ಹೋಗಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಸೇರಿಸುವಾಗ ಸೆಣಬಿನ ನಾರು ಸುತ್ತಿ, ಪೇಂಟ್ ಬಳಿದು, ಪಾನಾ ಹಾಕಿ ಬಲವಾಗಿ ತಿರುಗಿಸುವುದು ಸರಿಯಾದ ಕ್ರಮವೇ ಆಗಿತ್ತು. ಸಿಪಿವಿಸಿ ಫಿಟ್ಟಿಂಗಿನಲ್ಲಿ ಹಿತ್ತಾಳೆಯನ್ನು ಹಿಡಿದಿರುವುದು ಪ್ಲಾಸ್ಟಿಕ್. ಅತಿಯಾಗಿ ಬಿಗಿದರೆ ಅದು ಆ ಕ್ಷಣಕ್ಕೆ ಸುಮ್ಮನಿದ್ದು, ತಿಂಗಳುಗಳ ಮೇಲೆ ಸೀಳುತ್ತದೆ. ಎಣ್ಣೆ ಪೇಂಟು ತಾಗಿದರೆ ಇನ್ನೂ ಬೇಗ. ಅಲ್ಲಿ ಬೇಕಾದದ್ದು ಟೆಫ್ಲಾನ್ ಟೇಪು ಮತ್ತು ಹದವಾದ ಕೈ. ಅಂಟಿನ ಕಥೆಯೂ ಹೀಗೇ. ಯುಪಿವಿಸಿಗೆ ತೆರೆದ ಡಬ್ಬಿ ಕೈಯಲ್ಲಿದೆಯೆಂದು ಅದನ್ನೇ ಬಿಸಿನೀರಿನ ಸಿಪಿವಿಸಿಗೂ ಬಳಿಯುವುದನ್ನು ನಾನೇ ಕಂಡಿದ್ದೇನೆ. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಎರಡೂ ಕಡೆ ಅಂಟು ಹಚ್ಚಿ, ಒಳಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಆ ಅರ್ಧ ನಿಮಿಷದ ತಾಳ್ಮೆಯನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಪೈಪಿನ ಆಯ್ಕೆ ನಿಜವಾಗಿ ಮುಖ್ಯವಾಗುವ ಜಾಗವೊಂದಿದೆ, ಅಲ್ಲಿ ಯಾರೂ ಯೋಚಿಸುವುದಿಲ್ಲ: ತಾರಸಿಯ ಸೋಲಾರ್. ಗೀಸರಿಗೆ ಥರ್ಮೋಸ್ಟಾಟ್ ಇದೆ, ಸೂರ್ಯನಿಗಿಲ್ಲ. ಬೇಸಿಗೆ ರಜೆಗೆ ಮನೆಯವರೆಲ್ಲ ವಾರಗಟ್ಟಲೆ ಊರಿಗೆ ಹೋದಾಗ, ಖರ್ಚಾಗದೆ ನಿಂತ ನೀರು ಕುದಿಯುವ ಹತ್ತಿರಕ್ಕೆ ಬಂದಿರುತ್ತದೆ. ಸಿಪಿವಿಸಿ ಮೆತ್ತಗಾಗಿ ಜೋತುಬೀಳುವುದು ಅಲ್ಲಿ. ಸೋಲಾರ್ ಟ್ಯಾಂಕಿನಿಂದ ಹೊರಡುವ ಮೊದಲ ಭಾಗಕ್ಕಾದರೂ ಲೋಹದ ಕೊಳವೆ ಇರಬೇಕು. ಬಿಸಿಗೆ ಸಿಪಿವಿಸಿ ಹಿಗ್ಗುವುದೂ ಹೆಚ್ಚು: 3 ಮೀಟರ್ ಉದ್ದದ ಕೊಳವೆ 40 ಡಿಗ್ರಿ ಏರಿದರೆ ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ, ಉಕ್ಕು ಒಂದೂವರೆಯಷ್ಟು ಮಾತ್ರ. ಅದಕ್ಕೆ ಎಡೆ ಬಿಡದೆ ಗಾರೆಯಲ್ಲಿ ಬಿಗಿದರೆ ಎಳೆತವೆಲ್ಲ ಎಲ್ಬೋ ಮೇಲೆ ಬೀಳುತ್ತದೆ.

ಇನ್ನು ಕೊಳೆನೀರಿನ ಕಡೆ. ಕುಡಿಯುವ ನೀರಿನ ಪೈಪಿಗೆ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟವರೇ ನೆಲದಡಿಯ ಪೈಪಿಗೆ ಗದ್ದೆ ನೀರಾವರಿಯ ತೆಳು ಕೊಳವೆ ಒಪ್ಪಿಕೊಳ್ಳುತ್ತಾರೆ. ಎಸ್‌ಡಬ್ಲ್ಯುಆರ್ ಪೈಪಿನಲ್ಲಿ ಎ ಮತ್ತು ಬಿ ಎಂದು ಎರಡು ಬಗೆ. ಎ ಮಳೆನೀರಿಗೆ, ಗಾಳಿಕೊಳವೆಗೆ. ಶೌಚದ, ಬಚ್ಚಲಿನ ಕೊಳೆನೀರಿಗೆ ಬಿ ಬಗೆಯೇ ಬೇಕು. ಸಂಕನ್ ಸ್ಲ್ಯಾಬಿನ ಇಟ್ಟಿಗೆ ಚೂರಿನಡಿ ನಹಾನಿ ಟ್ರ್ಯಾಪಿನ ಜಾಯಿಂಟ್ ಸೋರಿದರೆ ಮೇಲಿನವರಿಗೆ ಗೊತ್ತೇ ಆಗದು. ಕೆಳಮನೆಯವರ ಸೂರಿನಲ್ಲಿ ಕಲೆ ಮೂಡಿದಾಗಲೇ ಸುದ್ದಿ. ನೆರೆಹೊರೆಯ ಸಂಬಂಧ ಕೆಡಿಸುವ ಸೋರಿಕೆ ಇದು. ಇದರ ಬಗ್ಗೆ ಒಬ್ಬರೂ ಎಚ್ಚರಿಸುವುದಿಲ್ಲ ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬಚ್ಚಲನ್ನು ಮತ್ತೆ ಮಾಡಿಸುವಾಗ ಐಎಸ್‌ಐ ಗುರುತಿನ ನಡುದರದ ಪೈಪ್ ತಂದೆ, ಉಳಿದ ಹಣವನ್ನು ಒಳ್ಳೆಯ ಫಿಟ್ಟಿಂಗಿಗೆ ಹಾಕಿದೆ. ಪ್ರೆಶರ್ ಟೆಸ್ಟ್ ಮಾಡಲೇಬೇಕು ಎಂದೆ. ‘ಕಂಪನಿ ಮಾಲು ಸಾರ್, ಟೆಸ್ಟ್ ಯಾಕೆ?’ ಎಂದರು ಪ್ಲಂಬರ್. ನಾನು ಬಿಡಲಿಲ್ಲ. ಅಂಟು ಒಣಗಲು ಒಂದು ದಿನ ಬಿಟ್ಟು, ನಲ್ಲಿಯ ಬಾಯಿಗಳಿಗೆಲ್ಲ ಎಂಡ್ ಪ್ಲಗ್ ಹಾಕಿ, ಗಾಳಿ ಹೊರಬಿಟ್ಟು, ಕೈಪಂಪಿನಿಂದ 10 ಕೆ.ಜಿ. ಏರಿಸಿದರು. ಹದಿನೈದು ನಿಮಿಷದಲ್ಲಿ ಮುಳ್ಳು 8ಕ್ಕೆ ಇಳಿಯಿತು. ಗೀಸರಿನ ಜಾಗದ ಟೀ ಜಾಯಿಂಟಿನಲ್ಲಿ ಒಂದು ಹನಿ ಮೂಡಿತ್ತು. ಅಷ್ಟು ಕತ್ತರಿಸಿ ಹೊಸ ಟೀ, ಎರಡು ಕಪ್ಲರ್ ಹಾಕಿದರು. ಮರುದಿನ ಮತ್ತೆ ಹತ್ತಕ್ಕೆ ಏರಿಸಿದೆವು. ಒಂದು ಗಂಟೆ ಕಳೆದರೂ ಮುಳ್ಳು ಅಲುಗಲಿಲ್ಲ. ಆಮೇಲೆ ಗಾರೆಯವರಿಗೆ ಫೋನ್ ಮಾಡಿದೆ.