ಕಾರ್ಖಾನೆಯ ನಕ್ಷೆಯೂ ಕೊಂಡಿ ಹಾಕುವ ಕೈಗಳೂ

೧

ಕಾರ್ಖಾನೆಯೊಂದನ್ನು ನೆಲದ ಮೇಲೆ ಕಟ್ಟುವುದಕ್ಕೆ ಮುಂಚೆ ಗಣಕಯಂತ್ರದಲ್ಲಿ ಕಟ್ಟಿ ನೋಡುವ ಪದ್ಧತಿಯು ಈಗ ಬಳಕೆಗೆ ಬಂದಿದೆ. ಯಂತ್ರಗಳನ್ನು ಎಲ್ಲಿ ನಿಲ್ಲಿಸಬೇಕು, ಸರಕು ಯಾವ ಹಾದಿಯಲ್ಲಿ ಸಾಗಬೇಕು, ಕೆಲಸಗಾರನು ದಿನಕ್ಕೆ ಎಷ್ಟು ಸಲ ಬಾಗಬೇಕಾಗುತ್ತದೆ, ಎಷ್ಟು ಹೆಜ್ಜೆ ನಡೆಯಬೇಕಾಗುತ್ತದೆ ಎಂಬುದನ್ನೆಲ್ಲ ಬುನಾದಿ ತೋಡುವ ಮೊದಲೇ ಪರದೆಯ ಮೇಲೆ ಪರೀಕ್ಷಿಸಬಹುದಾಗಿದೆ. ಕಾರ್ಖಾನೆಯ ಇಂತಹ ಪ್ರತಿರೂಪಕ್ಕೆ ‘ಡಿಜಿಟಲ್ ಅವಳಿ’ ಎಂಬ ಹೆಸರು ರೂಢಿಯಾಗಿದೆ. ಇದರೊಡನೆ ಕೃತಕ ಬುದ್ಧಿಮತ್ತೆಯೂ ಸೇರಿದ ಮೇಲೆ, ಮನುಷ್ಯನು ತಿಂಗಳುಗಟ್ಟಲೆ ಕುಳಿತು ಹೋಲಿಸಲಾರದಷ್ಟು ವಿನ್ಯಾಸಗಳನ್ನು ಯಂತ್ರವೇ ಹೋಲಿಸಿ, ಒಂದನ್ನು ಆರಿಸಿ ಮುಂದಿಡುತ್ತದೆ.

2021ರಲ್ಲಿ ಯುರೋಪಿಯನ್ ಆಯೋಗವು ‘ಇಂಡಸ್ಟ್ರಿ 5.0’ ಎಂಬ ತನ್ನ ಪತ್ರದಲ್ಲಿ ಉದ್ಯಮವು ಮಾನವಕೇಂದ್ರಿತವೂ ಸುಸ್ಥಿರವೂ ಆಘಾತಗಳನ್ನು ತಾಳಬಲ್ಲುದೂ ಆಗಿರಬೇಕೆಂದು ಸಾರಿತು. ಅಂದಿನಿಂದ ‘ಮಾನವಕೇಂದ್ರಿತ ಕಾರ್ಖಾನೆ’ ಎಂಬ ಮಾತು ತಾಂತ್ರಿಕ ಗ್ರಂಥಗಳಲ್ಲಿ ಮೇಲಿಂದ ಮೇಲೆ ಕಾಣಬರುತ್ತಿದೆ. ಮಾತು ಒಪ್ಪತಕ್ಕದ್ದೇ. ಆದರೆ ನಕ್ಷೆಯ ಕೇಂದ್ರದಲ್ಲಿ ನಿಲ್ಲಿಸಲಾದ ಆ ಮಾನವನು ಯಾರು? ಅವನನ್ನು ಅಲ್ಲಿ ನಿಲ್ಲಿಸಿದವರು ಯಾರು? ನಿಲ್ಲಿಸುವಾಗ ಯಾರನ್ನು ಹೊರಗೆ ಬಿಟ್ಟರು?

ಇತಿಹಾಸದ ಅಧ್ಯಾಪಕನೊಬ್ಬನು ಇಂತಹ ಪ್ರಶ್ನೆಗಳನ್ನು ಕೇಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ದಾಖಲೆಯೊಂದರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ವಿಚಾರಿಸುವುದು ಇತಿಹಾಸಕಾರನ ನಿತ್ಯದ ಕೆಲಸ. ಯೋಜನೆಯ ಈ ಹೊಸ ಉಪಕರಣಗಳಾದರೋ ದಾಖಲೆಗಳ ಆಧಾರದ ಮೇಲೆಯೇ ನಡೆಯತಕ್ಕವು. ಆದುದರಿಂದ ನಮ್ಮ ಜಿಲ್ಲೆಯ ಒಂದು ಉದಾಹರಣೆಯನ್ನಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಇಳಕಲ್ಲು ಬಹುಕಾಲ ಹುನಗುಂದ ತಾಲೂಕಿನಲ್ಲಿದ್ದು ಈಚೆಗೆ ತಾನೇ ತಾಲೂಕು ಕೇಂದ್ರವಾದ ಊರು. ಅಲ್ಲಿಯ ಸೀರೆಯು ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿದೆ. ನೇಕಾರನ ಮನೆಯಲ್ಲಿ ವಾಸದ ಮನೆಯೂ ಕಾರ್ಖಾನೆಯೂ ಬೇರೆಯಲ್ಲ. ನೆಲದಲ್ಲಿ ಕುಣಿ ತೋಡಿ ಮಗ್ಗವನ್ನು ಹೂಡಿರುತ್ತಾರೆ. ನೇಯುವವನು ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲಿ ಕುಳಿತು ಕೆಲಸ ಮಾಡುತ್ತಾನೆ.

ಈ ಸೀರೆಯ ವಿಶೇಷವು ಅದರ ಸೆರಗಿನಲ್ಲಿದೆ. ಸಾಮಾನ್ಯವಾಗಿ ಒಂದೇ ಹಾಸಿನ ಮೇಲೆ ಸೀರೆಯ ಒಡಲನ್ನೂ ಸೆರಗನ್ನೂ ನೇಯುವುದುಂಟು. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕೆಂಪು ಬಿಳುಪಿನ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಹೀಗೆ ಕೂಡಿಸಿ ನೇಯ್ದ ಸೆರಗಿಗೆ ತೋಪುತೆನಿಯ ಸೆರಗೆಂದು ಹೆಸರು. ಈ ಕಾರಣದಿಂದ ಹಾಸನ್ನು ಸೀರೆಯ ಅಳತೆಗೆ ಸರಿಯಾಗಿ, ಆರು ಗಜ, ಎಂಟು ಗಜ, ಒಂಬತ್ತು ಗಜ ಎಂದು ಸಿದ್ಧಪಡಿಸಬೇಕಾಗುತ್ತದೆ. ಉದ್ದನೆಯ ಹಾಸನ್ನು ಒಮ್ಮೆ ಹೂಡಿ ದಿನಗಟ್ಟಲೆ ನಿಲ್ಲಿಸದೆ ನೇಯುವ ಅನುಕೂಲವು ಇಲ್ಲಿ ಇಲ್ಲ.

ಕೊಂಡಿ ಹಾಕುವವರು ಹೆಚ್ಚಾಗಿ ಮನೆಯ ಹೆಂಗಸರು. ನೂಲು ಬಿಚ್ಚುವುದು, ಕಂಡಿಕೆ ಸುತ್ತುವುದು ಮೊದಲಾದ ಪೂರ್ವಸಿದ್ಧತೆಯೂ ಬಹುಮಟ್ಟಿಗೆ ಅವರದೇ. ಮಗ್ಗದ ಸದ್ದು ನಿಂತಾಗಲೇ ಕೊಂಡಿಯ ಕೆಲಸ ನಡೆಯುವುದು ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

೩

ಒಮ್ಮೆ ಈ ಲೇಖಕನು ತನ್ನ ವಿದ್ಯಾರ್ಥಿಗಳನ್ನು ಇಳಕಲ್ಲಿಗೆ ಕರೆದುಕೊಂಡು ಹೋಗಿದ್ದನು. ನೇಕಾರರ ಮನೆಯೊಂದನ್ನು ನೋಡಿ ಅಲ್ಲಿಯ ಕೆಲಸದ ನಕ್ಷೆಯನ್ನು ಬರೆದು ತರಬೇಕೆಂದು ಅವರಿಗೆ ಹೇಳಿದ್ದಾಯಿತು. ಹುಡುಗರು ಚೊಕ್ಕವಾಗಿಯೇ ಬರೆದರು. ಕುಣಿಯ ಉದ್ದಗಲ, ಕಿಟಕಿಯ ದಿಕ್ಕು, ನೇಯುವವನ ಜಾಗ, ನೂಲಿನ ಗಂಟುಗಳ ಜಾಗ, ಎಲ್ಲವೂ ಅದರಲ್ಲಿದ್ದವು. ಕೆಳಗೆ ‘ಮಗ್ಗ 1, ಕೆಲಸಗಾರರು 1’ ಎಂದು ಬರೆದಿದ್ದರು. ಅವರು ಬರೆಯುತ್ತಿದ್ದಷ್ಟು ಹೊತ್ತೂ ಮನೆಯ ಹಿರಿಯ ಹೆಂಗಸೊಬ್ಬಳು ಗೋಡೆಯ ಬದಿಗೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ನಕ್ಷೆಯಲ್ಲಿ ಆಕೆ ಇರಲಿಲ್ಲ.

ಲೇಖಕನು ಇದನ್ನು ತೋರಿಸಿದಾಗ ಒಬ್ಬ ವಿದ್ಯಾರ್ಥಿಯು, “ಕೇಳಿದ್ದೇನೆ ಸರ್, ತಾನು ಕೆಲಸ ಮಾಡುವುದಿಲ್ಲವೆಂದು ಅವರೇ ಹೇಳಿದರು” ಎಂದನು. ಅದು ಸುಳ್ಳಾಗಿರಲಿಲ್ಲ. ಮತ್ತೆ ಕೇಳಿದಾಗಲೂ ಆ ತಾಯಿಯು, “ಕೆಲಸಾ ಅಂವ ಮಾಡ್ತಾನ್ರೀ. ನಾವು ಕಂಡಿಕಿ ಸುತ್ತತೇವಿ, ಕೊಂಡಿ ಹಾಕ್ತೇವಿ, ಅಷ್ಟ” ಎಂದು ನಕ್ಕಳು.

ಈ ಸಣ್ಣ ಪ್ರಸಂಗವು ಲೇಖಕನ ಮನಸ್ಸಿನಲ್ಲಿ ಉಳಿಯಿತು. ತಪ್ಪು ಹುಡುಗರದು ಮಾತ್ರವಲ್ಲ. ಪ್ರಶ್ನೆಯನ್ನು ಕೊಟ್ಟು ಕಳಿಸಿದ ಅಧ್ಯಾಪಕನದೂ ಹೌದು. ಹುಡುಗರು ನೋಡಿದ್ದರು, ಅಳೆದಿದ್ದರು, ಬಾಯಿಬಿಟ್ಟು ಕೇಳಿಯೂ ಇದ್ದರು. ಆದರೂ ಕೆಲಸದ ಒಂದು ದೊಡ್ಡ ಪಾಲು ಕಾಗದಕ್ಕೆ ಬರಲಿಲ್ಲ. ಇದೇ ಕಾಗದವನ್ನು ಗಣಕಯಂತ್ರಕ್ಕೆ ಒಪ್ಪಿಸಿ, ‘ಈ ಮನೆಗಳ ಮಗ್ಗಗಳನ್ನೆಲ್ಲ ಒಂದು ಸಾಮೂಹಿಕ ನೇಕಾರ ಕೇಂದ್ರಕ್ಕೆ ಸಾಗಿಸಲು ಉತ್ತಮ ನಕ್ಷೆಯನ್ನು ಕೊಡು’ ಎಂದರೆ ಅದು ಏನನ್ನು ಕೊಟ್ಟೀತು? ಮಗ್ಗಕ್ಕೊಂದು ಆಸನವನ್ನು ಕೊಡುವುದು. ನೇಕಾರನ ಬೆನ್ನಿಗೆ ಹಿತವಾಗುವ ಎತ್ತರವನ್ನೂ ಕೊಡುವುದು. ಮಗ್ಗ ನಿಂತ ಹೊತ್ತನ್ನೆಲ್ಲ ವ್ಯರ್ಥಕಾಲವೆಂದು ಎಣಿಸಿ ಅದನ್ನು ಕಡಿಮೆ ಮಾಡುವ ಉಪಾಯವನ್ನು ಹೇಳುವುದು. ಮನೆಯಲ್ಲಿ ಒಲೆ, ಮಕ್ಕಳು, ಕಂಡಿಕೆಗಳ ನಡುವೆ ಎದ್ದು ಬಂದು ಕೊಂಡಿ ಹಾಕಿ ಹೋಗುತ್ತಿದ್ದವಳು ಇನ್ನು ಮುಂದೆ ಅರ್ಧ ಮೈಲು ನಡೆದು ಬರಬೇಕು. ಬಂದರೆ ಅವಳಿಗೆ ಕೂರಲು ಜಾಗವಿರುವುದಿಲ್ಲ. ಬಾರದಿದ್ದರೆ ತೋಪುತೆನಿಯ ಸೆರಗೇ ಇರುವುದಿಲ್ಲ.

೪

ಈ ದೋಷವು ಗಣಕಯಂತ್ರದಿಂದ ಹುಟ್ಟಿದುದಲ್ಲ. ಕಾನೂನಿನ ವ್ಯಾಖ್ಯೆಗಳಲ್ಲಿಯೂ ಇದು ಮೊದಲಿನಿಂದ ಕಾಣಬರುತ್ತದೆ. 1948ರ ಕಾರ್ಖಾನೆಗಳ ಕಾಯಿದೆಯು ವಿದ್ಯುತ್ತು ಮುಂತಾದ ಶಕ್ತಿಯನ್ನು ಬಳಸುವಲ್ಲಿ 10 ಮಂದಿ, ಬಳಸದಿರುವಲ್ಲಿ 20 ಮಂದಿ ಕೆಲಸಗಾರರಿದ್ದರೆ ಅದನ್ನು ಕಾರ್ಖಾನೆಯೆಂದು ಕರೆದಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ಯಾವ ಲೆಕ್ಕದಿಂದಲೂ ಇಳಕಲ್ಲಿನ ಮಗ್ಗದ ಮನೆಯು ಕಾರ್ಖಾನೆಯಾಗುವುದಿಲ್ಲ. ಹಾಗಾಗಿ ಕಾರ್ಖಾನೆಗಳ ಬಗ್ಗೆ ಕೂಡಿಬಿದ್ದ ಅಪಾರ ಅಂಕಿಸಂಖ್ಯೆಗಳಲ್ಲಿ ಈ ಬಗೆಯ ಕೆಲಸದ ಸ್ಥಳಕ್ಕೆ ಎಡೆ ದೊರೆತಿರುವುದು ಅಲ್ಪ. ಕೃತಕ ಬುದ್ಧಿಮತ್ತೆಯು ಕಲಿಯುವುದು ಅಂತಹ ಸಂಗ್ರಹಗಳಿಂದ.

ಗಣತಿಯು ಇದಕ್ಕಿಂತ ಉದಾರವಾಗಿದೆ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಇವರಲ್ಲಿ ನೇಕಾರರು 26.73 ಲಕ್ಷ, ಪೂರಕ ಕೆಲಸಗಾರರು 8.48 ಲಕ್ಷ. ಒಟ್ಟಿನಲ್ಲಿ ಹೆಂಗಸರು 25 ಲಕ್ಷಕ್ಕೂ ಮಿಕ್ಕು. ಪೂರಕ ಕೆಲಸವೆಂದು ಪ್ರತ್ಯೇಕ ವರ್ಗವನ್ನು ಮಾಡಿದುದು ಶ್ಲಾಘ್ಯವೇ. ಆದರೆ ‘ನಾನು ಕೆಲಸ ಮಾಡುವುದಿಲ್ಲ’ ಎನ್ನುವವಳನ್ನು ಈ ವರ್ಗದಲ್ಲಿ ಸೇರಿಸಬೇಕಾದರೆ ಕೇಳುವವನಿಗೆ ಕೊಂಡಿ ಎಂದರೇನೆಂಬುದು ಮೊದಲೇ ತಿಳಿದಿರಬೇಕು.

೫

ಎಣಿಕೆಗೆ ಒಬ್ಬೊಬ್ಬ ಕೆಲಸಗಾರನನ್ನೇ ಮೂಲಮಾನವಾಗಿಟ್ಟುಕೊಳ್ಳುವುದು ಎರಡನೆಯ ದೋಷ. ಟೇಲರನು 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆ’ಯ ತತ್ತ್ವಗಳನ್ನು ಪ್ರಕಟಿಸಿದಂದಿನಿಂದ ಒಂದು ಕೆಲಸ, ಒಬ್ಬ ಮನುಷ್ಯ, ಇಷ್ಟು ನಿಮಿಷ ಎಂಬ ಲೆಕ್ಕವು ಯೋಜಕರ ಕೈಯಲ್ಲಿ ನಿಂತುಬಿಟ್ಟಿದೆ. ಈ ಲೆಕ್ಕವು ನೇಯ್ಗೆಯಲ್ಲಿ ಸೋತ ನಿದರ್ಶನವೊಂದು ನಮ್ಮ ದೇಶದಲ್ಲಿಯೇ ಇದೆ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬುವರು ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಅಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳು ಬಂದಿದ್ದವು. ಎಂಜಿನಿಯರರು ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಒಂದೊಂದು ಬಿಡಿಗೆಲಸಕ್ಕೂ ಎಷ್ಟು ಮಂದಿ ಬೇಕೆಂದು ಅಳೆದು ಗೊತ್ತುಮಾಡಿದ್ದರು. ಆದರೂ ಉತ್ಪಾದನೆ ನಿರೀಕ್ಷೆಯಂತೆ ಏರಲಿಲ್ಲ. ಒಂದಿಷ್ಟು ಮಗ್ಗಗಳಿಗೆ ಒಂದು ಗುಂಪು ಒಟ್ಟಾಗಿ ಹೊಣೆಯಾಗಲಿ ಎಂಬ ಸೂಚನೆಯನ್ನು ಮುಂದಿಟ್ಟಾಗ, ಗುಂಪುಗಳನ್ನು ಕಟ್ಟಿಕೊಂಡವರು ಕೆಲಸಗಾರರೇ. ಅದರಿಂದ ಉತ್ಪಾದನೆ ಹೆಚ್ಚಿತು, ಬಟ್ಟೆ ಕೆಡುವುದು ಕಡಿಮೆಯಾಯಿತು. ಮಗ್ಗಗಳು ಅವೇ, ಜನರೂ ಅವರೇ. ಬದಲಾದುದು ಅವರ ಪರಸ್ಪರ ಸಂಬಂಧ.

‘ಮಾನವಕೇಂದ್ರಿತ’ ಎಂಬ ವಿಚಾರವೂ 2021ರಲ್ಲಿ ಹುಟ್ಟಿದುದಲ್ಲ. ಇಂಗ್ಲೆಂಡಿನ ಲೂಕಸ್ ಏರೋಸ್ಪೇಸ್ ಕಾರ್ಖಾನೆಗಳ ನೌಕರರು 1976ರಲ್ಲಿ ತಮ್ಮದೇ ಪರ್ಯಾಯ ಯೋಜನೆಯನ್ನು ಸಿದ್ಧಪಡಿಸಿದ್ದರು. ಅದರಲ್ಲಿ ಮುಂದಾಳಾಗಿದ್ದ ಮೈಕ್ ಕೂಲಿ ಎಂಬ ವಿನ್ಯಾಸ ಎಂಜಿನಿಯರನು 1980ರಲ್ಲಿ ‘ಆರ್ಕಿಟೆಕ್ಟ್ ಆರ್ ಬೀ?’ ಎಂಬ ಗ್ರಂಥವನ್ನು ಬರೆದನು. ಗಣಕಯಂತ್ರವು ಕೆಲಸಗಾರನ ಅರಿವನ್ನು ಕಸಿದುಕೊಳ್ಳುವಂತೆಯೂ ಮಾಡಬಹುದು, ಬೆಳೆಸುವಂತೆಯೂ ಮಾಡಬಹುದು. ಅದು ಆಯ್ಕೆಯ ಪ್ರಶ್ನೆ ಎಂಬುದು ಅವನ ವಾದದ ಸಾರ. ಕೂಲಿಯ ಮಾನವಕೇಂದ್ರಿತ ಯೋಜನೆಯಲ್ಲಿ ಕೆಲಸಗಾರನು ಯೋಜಕನೂ ಆಗಿದ್ದನು. ಇಂದಿನ ಮಾತಿನಲ್ಲಿ ಅವನು ಬಹುಮಟ್ಟಿಗೆ ಅಳೆಯಲ್ಪಡುವವನು ಮಾತ್ರ. ಹೆಸರು ಒಂದೇ ಉಳಿದು ಅರ್ಥವು ಕುಗ್ಗಿದೆ.

೬

ಗಣಕಯಂತ್ರದ ವಂಶಾವಳಿಯಲ್ಲಿ ಮಗ್ಗವೂ ಇದೆಯೆಂಬುದು ಸರ್ವವಿದಿತ. 1804ರಲ್ಲಿ ಜಾಕಾರ್ಡನು ತೂತು ಹೊಡೆದ ಪಟ್ಟಿಗಳಿಂದ ಮಗ್ಗವನ್ನು ನಡೆಸಿದನು. ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೆ ಆ ಪಟ್ಟಿಗಳನ್ನೇ ಮಾದರಿಯಾಗಿಟ್ಟುಕೊಂಡನು. ಅದಕ್ಕೆ ಮುಂಚೆ ಫ್ರಾನ್ಸಿನ ಮಗ್ಗಗಳಲ್ಲಿ ದಾರಗಳನ್ನೆಳೆಯಲು ಒಬ್ಬ ಸಹಾಯಕನಿರುತ್ತಿದ್ದನು. ಚಿತ್ತಾರವು ಪಟ್ಟಿಗೆ ಏರಿತು. ಅವನ ಕೆಲಸವು ಹೋಯಿತು.

ನಮ್ಮ ನೆಲದ ದಾಖಲೆಗಳೂ ಇದನ್ನೇ ನೆನಪಿಗೆ ತರುತ್ತವೆ. ಬಾದಾಮಿಗೆ ಸಮೀಪದ ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ದೇವಾಲಯದ ಶಾಸನಗಳು ಅನಿವಾರಿತಾಚಾರಿ ಗುಂಡ, ಸರ್ವಸಿದ್ಧಿ ಆಚಾರಿ ಎಂಬ ಸೂತ್ರಧಾರಿಗಳನ್ನು ಬಿರುದುಗಳೊಡನೆ ಹೊಗಳುತ್ತವೆ. ನಕ್ಷೆ ಹಾಕಿದವನ ಹೆಸರು ಸಾವಿರದ ಇನ್ನೂರು ವರ್ಷ ಉಳಿದಿರುವುದು ಹೆಮ್ಮೆಯ ಸಂಗತಿ. ಆದರೆ ಕಲ್ಲನ್ನು ಸೀಳಿ ಸಾಗಿಸಿದವರಿಗೆ ಅನ್ನ ಬೇಯಿಸಿದವರು ಯಾರೆಂಬುದನ್ನು ಆ ಶಾಸನಗಳಿಂದ ತಿಳಿಯಲಾಗದು. ಶಾಸನದಲ್ಲಿ ಇಲ್ಲದವರು ಲೋಕದಲ್ಲಿಯೂ ಇರಲಿಲ್ಲವೆಂದು ಯಾವ ಇತಿಹಾಸಕಾರನೂ ಹೇಳುವುದಿಲ್ಲ. ಯೋಜನೆಯ ಯಂತ್ರವು ಹೇಳುವುದು ಇದನ್ನೇ. ದಾಖಲೆಯಲ್ಲಿ ಇಲ್ಲದವರಿಗೆ ಅದು ಜಾಗವನ್ನು ಇಡುವುದಿಲ್ಲ.

೭

ಹಾಗೆಂದು ಈ ಉಪಕರಣಗಳನ್ನು ತಳ್ಳಿಹಾಕಬೇಕೆಂಬುದು ಲೇಖಕನ ಅಭಿಪ್ರಾಯವಲ್ಲ. ಕುಣಿಮಗ್ಗದ ನೇಕಾರನ ಬೆನ್ನು, ಕುತ್ತಿಗೆ, ಕಣ್ಣುಗಳ ನೋವು ಕಟ್ಟುಕಥೆಯಲ್ಲ. ಕೆಲಸದ ಭಂಗಿಯನ್ನು ಅಂಕಗಳಲ್ಲಿ ಅಳೆಯುವ ರೂಲಾ ಎಂಬ ಕ್ರಮವನ್ನು 1993ರಲ್ಲಿ ರೂಪಿಸಲಾಯಿತು. ಇಂದು ಕ್ಯಾಮೆರಾದ ನೆರವಿನಿಂದ ಆ ಲೆಕ್ಕವನ್ನು ಯಂತ್ರವೇ ಮಾಡಬಲ್ಲುದು. ಒಮ್ಮೆ ತೋಡಿದ ಕುಣಿಯನ್ನು ಸರಿಸಲಾಗದು. ಆದುದರಿಂದ ಬೆಳಕು ಎಲ್ಲಿಂದ ಬೀಳುವುದೆಂದು ಮೊದಲೇ ಪರದೆಯ ಮೇಲೆ ನೋಡುವುದು ಉಪಕಾರವೇ ಸರಿ. ‘ಪರಂಪರೆ’ಯ ಹೆಸರಿನಲ್ಲಿ ನೋವನ್ನು ಕಾಪಾಡುವುದು ವಿವೇಕವಲ್ಲ.

ಆದರೆ ಬಾಗಲಕೋಟೆಯವರಿಗೆ ನಕ್ಷೆಯ ಶಕ್ತಿಯೂ ಮಿತಿಯೂ ಎರಡೂ ಗೊತ್ತು. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಊರಿನ ಭಾಗಗಳು ಮುಳುಗಡೆಯಾದಾಗ ಜನರು ನವನಗರದ ಸೆಕ್ಟರುಗಳಿಗೆ ಬಂದರು. ರಸ್ತೆ, ನಿವೇಶನಗಳನ್ನು ನಕ್ಷೆಯು ಕೊಟ್ಟಿತು. ಗೋಡೆ ಛಾವಣಿಗಳನ್ನು ಅಳೆಯಬಹುದು. ಕರೆದೊಡನೆ ಬಂದು ಕೈಗೂಡಿಸುವ ನೆರೆಮನೆಯನ್ನು ಅಳೆದು ಸಾಗಿಸುವುದು ಸುಲಭವಲ್ಲ.

ಆದುದರಿಂದ ಕಾರ್ಖಾನೆಯ ಯಾವುದೇ ನಕ್ಷೆಯನ್ನು ‘ಮಾನವಕೇಂದ್ರಿತ’ವೆಂದು ಒಪ್ಪುವ ಮೊದಲು ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು. ಮೊದಲನೆಯದು, ಯಂತ್ರವು ನಿಂತ ಹೊತ್ತಿನಲ್ಲಿ ಯಾರ ಕೈ ನಡೆಯುತ್ತದೆ ಎಂಬುದನ್ನು ಎಣಿಸಿದ್ದಾರೆಯೇ? ಎರಡನೆಯದು, ಕೆಲಸವೆಂದು ತಾನೇ ಕರೆಯದ ಕೆಲಸಕ್ಕೆ ಸ್ಥಳವನ್ನೂ ಕೂಲಿಯನ್ನೂ ಗೊತ್ತುಮಾಡಿದ್ದಾರೆಯೇ? ಮೂರನೆಯದು, ಪರದೆಯ ಮೇಲಿನ ನಕ್ಷೆಯನ್ನು ಅಲ್ಲಿ ದುಡಿಯುವವರಿಗೆ ಅವರ ಮಾತಿನಲ್ಲಿ ವಿವರಿಸಿ, ತಿದ್ದುವ ಅಧಿಕಾರವನ್ನು ಅವರಿಗೆ ಕೊಟ್ಟಿದ್ದಾರೆಯೇ? ಮೂರನೆಯದಿಲ್ಲದಿದ್ದರೆ ಮೊದಲ ಎರಡೂ ಬಹುಕಾಲ ನಿಲ್ಲವು.

ಆ ದಿನ ಇಳಕಲ್ಲಿನಲ್ಲಿ ವಿದ್ಯಾರ್ಥಿಗಳು ತಮ್ಮ ಕಾಗದವನ್ನು ಆ ಮನೆಯವರ ಮುಂದೆಯೇ ಹರಡಿ ತಿದ್ದಿದರು. ಹಿರಿಯಾಕೆಯು ಬಗ್ಗಿ ನೋಡಿ, ತನ್ನ ಜಾಗ ಗೋಡೆಯ ಬದಿಗಲ್ಲ, ಕೊಂಡಿ ಹಾಕುವ ದಿನ ಮಗ್ಗದ ಮುಂದೆಯೇ ಎಂದು ಬೆರಳಿಟ್ಟು ತೋರಿಸಿದಳು. ಹುಡುಗನೊಬ್ಬನು ಅಲ್ಲಿ ಗುರುತು ಹಾಕಿ, ಕೆಳಗಿನ ‘1’ನ್ನು ಹೊಡೆದು ‘3’ ಎಂದು ಬರೆದನು. ಸೊಸೆಯೂ ಒಬ್ಬಳಿದ್ದಳೆಂಬುದು ಲೇಖಕನಿಗೂ ಆಗಲೇ ತಿಳಿದದ್ದು.